ವಿಮಾನ ಸಿದ್ಧವಿತ್ತು, ಎಂಜಿನ್ ಬರಲಿಲ್ಲ

ಪುಣೆಯ ವಿಮಾನನಗರದ ಕಡೆ ಬಾಡಿಗೆ ಮನೆ ಹಿಡಿದಿರುವ ಕನ್ನಡಿಗರಿಗೆ ಸುಖೋಯ್ ಸದ್ದು ಹೊಸದಲ್ಲ. ಲೋಹೆಗಾಂವ್ ವಾಯುನೆಲೆಯಿಂದ ಒಂದು ಜೋಡಿ ಮೇಲೆದ್ದರೆ ಕಿಟಕಿ ಗಾಜು ನಡುಗುತ್ತದೆ. ಆಫೀಸ್ ಕಾಲ್‌ನಲ್ಲಿ ಇದ್ದವರು ಮೈಕ್ ಮ್ಯೂಟ್ ಮಾಡಿ ಅರ್ಧ ನಿಮಿಷ ಸುಮ್ಮನೆ ಕೂರುತ್ತಾರೆ. ನನ್ನ ಏಳು ವರ್ಷದ ಮಗನಂತೂ ಬಾಲ್ಕನಿಗೆ ಓಡುತ್ತಾನೆ. ಅದು ಎಷ್ಟು ಜೋರಾಗಿ ಹೋಗುತ್ತದೆ, ಎಷ್ಟು ಬಾಂಬ್ ಹೊರುತ್ತದೆ, ನಮ್ಮ ತೇಜಸ್‌ಗಿಂತ ಅದು ಮೇಲೋ ಕೆಳಗೋ ಎಂಬುದು ಅವನ ಪ್ರಶ್ನೆಗಳು. ದೊಡ್ಡವರ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಚರ್ಚೆ ಇದಕ್ಕಿಂತ ಬೇರೆಯಲ್ಲ. ವೇಗ, ರೇಡಾರ್, ಕ್ಷಿಪಣಿ ಎಂದು ಪಟ್ಟಿ ಮಾಡಿ ಅಂಕ ಹಾಕುತ್ತೇವೆ. ಆ ಪಟ್ಟಿಯ ಪ್ರತಿ ಸಾಲೂ ಕೊನೆಗೆ ಒಂದೇ ವಸ್ತುವಿನ ಮೇಲೆ ನಿಂತಿದೆ, ಅದು ಎಂಜಿನ್. ಇದನ್ನು ಪುಸ್ತಕದ ಸೂತ್ರದಿಂದ ಹೇಳುವ ಬದಲು ಒಬ್ಬ ಮನುಷ್ಯನ ಬದುಕಿನಿಂದ ಹೇಳುತ್ತೇನೆ. ಆತ ಜರ್ಮನಿಯವನು, ಹೆಸರು ಕುರ್ಟ್ ಟ್ಯಾಂಕ್. ಹೆಸರು ಟ್ಯಾಂಕ್ ಆದರೂ ಜೀವಮಾನವಿಡೀ ಕಟ್ಟಿದ್ದು ವಿಮಾನ. ಆ ಜೀವಮಾನದಲ್ಲಿ ಸುಮಾರು ಹತ್ತು ವರ್ಷ ಬೆಂಗಳೂರಿನದು.

1898ರ ಫೆಬ್ರುವರಿ 24ರಂದು ಬ್ರಾಂಬೆರ್ಗ್ ಎಂಬ ಊರಿನಲ್ಲಿ ಹುಟ್ಟಿದ. ಆಗ ಅದು ಪ್ರಷ್ಯಾದ ಊರು, ಈಗ ಪೋಲೆಂಡಿನ ಬಿಡ್‌ಗೋಷ್ಚ್. ಮೊದಲ ಮಹಾಯುದ್ಧ ಬಂದಾಗ ಹುಡುಗನಿಗೆ ವಿಮಾನದ ಆಸೆ. ಆದರೆ ಸೇರಿದ್ದು ಅಶ್ವದಳ. ಕುದುರೆಯ ಮೇಲೆ ಕೂತು ಯುದ್ಧ ಮುಗಿಸಿದ. ಈ ಅಶ್ವದಳದ ಕಾಲ ವ್ಯರ್ಥವಾಗಲಿಲ್ಲ ಎಂಬುದು ಇಪ್ಪತ್ತು ವರ್ಷ ಕಳೆದ ಮೇಲೆ ಗೊತ್ತಾಗುತ್ತದೆ.

ಯುದ್ಧದ ನಂತರ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ನಮ್ಮಲ್ಲಿ ಸಿವಿಲ್ ಓದಿದವರು ಜಾವಾ ಕೋಡ್ ಬರೆಯುವ ಹಾಗೆ, ಓದಿದ್ದು ಒಂದು, ಹಿಡಿದ ಕೆಲಸ ಇನ್ನೊಂದು. ಅಲ್ಲಿಯೇ ಗೆಳೆಯರ ಜೊತೆ ಎಂಜಿನ್ ಇಲ್ಲದ ಗ್ಲೈಡರ್‌ಗಳನ್ನು ಕಟ್ಟಿ ಹಾರಿಸಲು ಕಲಿತ. 1924ರಲ್ಲಿ ರೋಹ್ರ್‌ಬಾಖ್ ಕಂಪನಿಯಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳ ಕೆಲಸ ಮಾಡಿದ. ಮುಂದೆ ಸ್ವಲ್ಪ ಕಾಲ ಮೆಸರ್‌ಶ್ಮಿಟ್ ವಿನ್ಯಾಸಕನಾಗಿದ್ದ ಬವೇರಿಯಾದ ಕಂಪನಿಯಲ್ಲಿದ್ದು, 1931ರಲ್ಲಿ ಫೋಕೆ-ವುಲ್ಫ್ ಸೇರಿದ. ತಾನು ಬರೆದ ನಕ್ಷೆಯ ವಿಮಾನವನ್ನು ತಾನೇ ಹಾರಿಸಿ ನೋಡುವುದು ಆತನ ಅಭ್ಯಾಸ. ತಾನು ಬರೆದ ಸಾಫ್ಟ್‌ವೇರನ್ನು ತಾನೇ ದಿನವೂ ಬಳಸುವವರು ನಮ್ಮಲ್ಲಿ ಎಷ್ಟು ಜನ?

ಆ ಕಂಪನಿಯಲ್ಲಿ ಆತ ಕಟ್ಟಿದ ನಾಲ್ಕು ಎಂಜಿನ್ನಿನ ಪ್ರಯಾಣಿಕ ವಿಮಾನ ಕಾಂಡೋರ್ 1938ರ ಆಗಸ್ಟ್‌ನಲ್ಲಿ ಬರ್ಲಿನ್‌ನಿಂದ ನ್ಯೂಯಾರ್ಕ್‌ಗೆ ಎಲ್ಲೂ ಇಳಿಯದೆ ಹಾರಿತು. ತೆಗೆದುಕೊಂಡ ಸಮಯ 25 ಗಂಟೆಗೆ ನಾಲ್ಕು ನಿಮಿಷ ಕಡಿಮೆ. ಅದೇ ವಿಮಾನಕ್ಕೆ ಮುಂದೆ ಬಾಂಬ್ ಕಟ್ಟಿ ಅಟ್ಲಾಂಟಿಕ್‌ನಲ್ಲಿ ಮಿತ್ರರಾಷ್ಟ್ರಗಳ ಹಡಗುಗಳ ಮೇಲೆ ಬಿಟ್ಟರು.

ಆತನ ಹೆಸರು ಉಳಿದದ್ದು ಎಫ್‌ಡಬ್ಲ್ಯು 190 ಎಂಬ ಯುದ್ಧವಿಮಾನದಿಂದ. ಮೊದಲ ಹಾರಾಟ 1939ರ ಜೂನ್ 1. ಆಗ ಜರ್ಮನಿಯ ಮುಖ್ಯ ಯುದ್ಧವಿಮಾನ ಮೆಸರ್‌ಶ್ಮಿಟ್ 109. ಹಗುರ, ಚೂಪು, ವೇಗ. ಟ್ಯಾಂಕ್ ಅದನ್ನು ರೇಸ್ ಕುದುರೆ ಎಂದು ತಿಳಿದಿದ್ದ. ರೇಸ್ ಕುದುರೆಗೆ ಒಳ್ಳೆಯ ಮೈದಾನ, ಒಳ್ಳೆಯ ಮೇವು, ಪಳಗಿದ ಸವಾರ ಎಲ್ಲವೂ ಬೇಕು. ಯುದ್ಧದಲ್ಲಿ ಇರುವುದು ಕೆಸರಿನ ಮೈದಾನ, ಆರು ತಿಂಗಳ ತರಬೇತಿಯ ಹುಡುಗ ಪೈಲಟ್, ಸ್ಪ್ಯಾನರ್ ಹಿಡಿದ ಸುಸ್ತಾದ ಮೆಕ್ಯಾನಿಕ್. ಅಲ್ಲಿಗೆ ಬೇಕಾದ್ದು ಅಶ್ವದಳದ ಕುದುರೆ. ಹುಲ್ಲು ಕಡಿಮೆಯಾದರೂ, ಗುಂಡು ತಾಗಿದರೂ ಸವಾರನನ್ನು ಹೊತ್ತು ವಾಪಸ್ ಬರುವಂಥದ್ದು.

ಈ ಮಾತು ವಿಮಾನದ ಮೈಯಲ್ಲಿ ಹೇಗೆ ಇಳಿಯಿತು ನೋಡಿ. ಮೆಸರ್‌ಶ್ಮಿಟ್ 109ರ ಚಕ್ರಗಳು ಒಂದಕ್ಕೊಂದು ಹತ್ತಿರ. ಇಳಿಯುವಾಗ, ಏರುವಾಗ ಸ್ವಲ್ಪ ಓಲಾಡಿದರೆ ಮಗುಚುತ್ತಿತ್ತು. ಹಾಗೆ ಕಳೆದುಕೊಂಡ ವಿಮಾನಗಳು ಬಹಳ. ಟ್ಯಾಂಕ್ ಚಕ್ರಗಳನ್ನು ರೆಕ್ಕೆಯ ದೂರದಲ್ಲಿ ಇಟ್ಟು ಒಳಮುಖವಾಗಿ ಮಡಚಿದ. ಒರಟು ನೆಲದಲ್ಲೂ ಅದು ಕಾಲಗಲಿಸಿ ಗಟ್ಟಿಯಾಗಿ ನಿಲ್ಲುತ್ತಿತ್ತು. ಚಕ್ರ, ಫ್ಲ್ಯಾಪ್ ಮುಂತಾದವನ್ನು ನಡೆಸಲು ಹೈಡ್ರಾಲಿಕ್ ಎಣ್ಣೆಯ ಕೊಳವೆಗಳ ಬದಲು ವಿದ್ಯುತ್ ಮೋಟರ್ ಹಾಕಿದ. ಕೊಳವೆಗೆ ಒಂದು ಗುಂಡು ತಾಗಿದರೆ ಎಣ್ಣೆಯೆಲ್ಲ ಸೋರಿಹೋಗುತ್ತದೆ. ತಂತಿಗೆ ಆ ಭಯ ಕಡಿಮೆ. ರೆಕ್ಕೆಯ ಐಲೆರಾನ್‌ಗಳಿಗೆ ಹಗ್ಗದಂಥ ಕೇಬಲ್ ಬದಲು ಗಟ್ಟಿ ಸರಳುಗಳನ್ನು ಜೋಡಿಸಿದ್ದರಿಂದ ವಿಮಾನ ಪಕ್ಕಕ್ಕೆ ಹೊರಳುವ ವೇಗ ಅಸಾಧ್ಯವಾಗಿತ್ತು. ಬ್ರಿಟಿಷರ ಸ್ಪಿಟ್‌ಫೈರ್ ಇದಕ್ಕಿಂತ ಚಿಕ್ಕ ವೃತ್ತದಲ್ಲಿ ತಿರುಗಬಲ್ಲದಾಗಿತ್ತು. ಆದರೆ ತಿರುಗಬೇಕಾದರೆ ಮೊದಲು ಪಕ್ಕಕ್ಕೆ ಹೊರಳಬೇಕು, ಅಷ್ಟರಲ್ಲಿ ಟ್ಯಾಂಕ್‌ನ ವಿಮಾನ ಎತ್ತಲೋ ಹೋಗಿಯಾಗಿರುತ್ತಿತ್ತು.

ಎಂಜಿನ್ ವಿಷಯ ಇಲ್ಲಿಂದಲೇ ಶುರು. ಒಳ್ಳೆಯ ನೀರಿನ ತಂಪಿನ ಡೈಮ್ಲರ್ ಎಂಜಿನ್‌ಗಳೆಲ್ಲ ಮೆಸರ್‌ಶ್ಮಿಟ್‌ಗೆ ಮೀಸಲು. ಉಳಿದದ್ದು ಬಿಎಂಡಬ್ಲ್ಯುವಿನ ಗಾಳಿ ತಂಪಿನ, ದುಂಡನೆ ದಪ್ಪ ಮೂತಿಯ ಎಂಜಿನ್. ಅಂಥ ಎಂಜಿನ್ ಗಾಳಿಗೆ ಎದೆಯೊಡ್ಡುತ್ತದೆ, ವೇಗ ಸಿಗದು ಎಂಬುದು ಯುರೋಪಿನ ವಿನ್ಯಾಸಕರ ಸಾಮಾನ್ಯ ನಂಬಿಕೆ. ಟ್ಯಾಂಕ್ ಸಿಕ್ಕಿದ್ದನ್ನೇ ಹಿಡಿದ. ಬಿಗಿಯಾದ ಹೊದಿಕೆ ತೊಡಿಸಿ, ಒಳಗೆ ಗಾಳಿ ನುಗ್ಗಿಸಲು ಫ್ಯಾನ್ ಇಟ್ಟ. ಮೊದಲ ಮಾದರಿಯಲ್ಲಿ ಪೈಲಟ್‌ನ ಕಾಲ ಬುಡದಲ್ಲೇ ಎಂಜಿನ್ ಇದ್ದು ಕಾಕ್‌ಪಿಟ್ ಶಾಖ 55 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಕಲಬುರಗಿಯ ಮೇ ತಿಂಗಳೂ ಅಷ್ಟಿಲ್ಲ. ಎಂಜಿನ್ ಬದಲಿಸಿ, ಕಾಕ್‌ಪಿಟ್ ಹಿಂದೆ ಸರಿಸಿ ಸರಿಮಾಡಿದರು. ಹೊಸ ಬಿಎಂಡಬ್ಲ್ಯು 801 ಎಂಜಿನ್‌ಗೆ ನೀರಿನ ರೇಡಿಯೇಟರ್ ಇಲ್ಲ, ಹಾಗಾಗಿ ಗುಂಡು ತಾಗಿ ನೀರು ಸೋರಿ ಎಂಜಿನ್ ಕಟ್ಟಿಹೋಗುವ ಭಯವೂ ಇರಲಿಲ್ಲ. ಅಶ್ವದಳದ ಕುದುರೆಗೆ ತಕ್ಕ ಎಂಜಿನ್.

ಆ ಎಂಜಿನ್ ಜೊತೆಗೇ ಒಂದು ಪೆಟ್ಟಿಗೆ ಬಂತು. ನನಗೆ ಈ ಇಡೀ ಕಥೆಯಲ್ಲಿ ಅತಿ ಇಷ್ಟದ ವಸ್ತು ಅದು. ಹೆಸರು ಕೊಮಾಂಡೋಗೆರೆಟ್. ಆ ಕಾಲದ ಪೈಲಟ್ ಹಾರುತ್ತಾ, ಗುರಿಯಿಡುತ್ತಾ, ಹಿಂದೆ ಯಾರು ಬರುತ್ತಿದ್ದಾರೆಂದು ನೋಡುತ್ತಾ, ಇದರ ನಡುವೆ ಎಂಜಿನ್‌ನ ಇಂಧನ ಮಿಶ್ರಣ, ಪ್ರೊಪೆಲರ್ ಕೋನ, ಸೂಪರ್‌ಚಾರ್ಜರ್ ಎಲ್ಲವನ್ನೂ ಬೇರೆ ಬೇರೆ ಹಿಡಿಕೆಗಳಲ್ಲಿ ಹೊಂದಿಸಬೇಕಿತ್ತು. ಈ ಪೆಟ್ಟಿಗೆ ಎಲ್ಲವನ್ನೂ ತಾನೇ ಹೊಂದಿಸುತ್ತಿತ್ತು. ಪೈಲಟ್ ಒಂದೇ ಹಿಡಿಕೆ ಮುಂದೆ ತಳ್ಳಿದರೆ ಸಾಕು. ಅದರೊಳಗೆ ಚಿಪ್ ಇಲ್ಲ, ಕೋಡ್ ಇಲ್ಲ. ಬರೀ ಕ್ಯಾಮ್, ಸ್ಪ್ರಿಂಗ್, ಎಣ್ಣೆಯ ಒತ್ತಡ. ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಕಾರಿನ ಎಂಜಿನ್ ಕಂಟ್ರೋಲ್ ಯೂನಿಟ್‌ಗೆ ಸಾಫ್ಟ್‌ವೇರ್ ಬರೆಯುವುದು. ನಾವು ಸಾವಿರಾರು ಸಾಲು ಕೋಡ್‌ನಲ್ಲಿ ಮಾಡುವ ಲೆಕ್ಕದ ಅಜ್ಜ ಆ ಲೋಹದ ಪೆಟ್ಟಿಗೆ. ಇಂದಿನ ತೇಜಸ್ ಎಂಜಿನ್‌ನಲ್ಲಿ ಅದೇ ಕೆಲಸವನ್ನು ಡಿಜಿಟಲ್ ಗಣಕ ಮಾಡುತ್ತದೆ. ಪೈಲಟ್ ಎಂಜಿನ್ ಬಗ್ಗೆ ಯೋಚಿಸದೆ ಯುದ್ಧದ ಬಗ್ಗೆ ಯೋಚಿಸಲಿ ಎಂಬ ಉದ್ದೇಶ ಆಗಲೂ ಅದೇ, ಈಗಲೂ ಅದೇ.

1941ರಲ್ಲಿ ಇದು ಇಂಗ್ಲಿಷ್ ಕಾಲುವೆಯ ಮೇಲೆ ಕಾಣಿಸಿಕೊಂಡಾಗ ಬ್ರಿಟಿಷರು ಬೆಚ್ಚಿದರು. ಮರುವರ್ಷದ ಜೂನ್‌ನಲ್ಲಿ ಅವರಿಗೆ ಲಾಟರಿ ಹೊಡೆಯಿತು. ಜರ್ಮನ್ ಪೈಲಟ್ ಒಬ್ಬ ದಿಕ್ಕು ತಪ್ಪಿ, ಫ್ರಾನ್ಸ್ ಎಂದುಕೊಂಡು ವೇಲ್ಸ್‌ನ ಪೆಂಬ್ರಿ ನಿಲ್ದಾಣದಲ್ಲಿ ಇಳಿದ. ಒಂದು ಗೀರೂ ಇಲ್ಲದ ವಿಮಾನ ತಾನಾಗಿ ಕೈಗೆ ಬಂತು. ಅದನ್ನು ಹಾರಿಸಿ, ಬಿಚ್ಚಿ ನೋಡಿ ಕಲಿತರು. ಯುದ್ಧ ಮುಗಿಯುವ ಹೊತ್ತಿಗೆ ಈ ಬಗೆಯ ವಿಮಾನಗಳು 20,000ಕ್ಕೂ ಹೆಚ್ಚು ತಯಾರಾಗಿದ್ದವು.

ಇಲ್ಲಿ ಒಂದು ಮಾತು ಬಿಡುವಂತಿಲ್ಲ. ಈ ಜಾಣತನವೆಲ್ಲ ದುಡಿದದ್ದು ಹಿಟ್ಲರನ ಆಡಳಿತಕ್ಕೆ. ಫೋಕೆ-ವುಲ್ಫ್ ಕಾರ್ಖಾನೆಗಳಲ್ಲಿ ಆಕ್ರಮಿತ ದೇಶಗಳಿಂದ ಹಿಡಿದು ತಂದ ಜನರಿಂದ ಬಲವಂತದ ದುಡಿಮೆ ಮಾಡಿಸಿದರು. ಟ್ಯಾಂಕ್ ಆ ಕಂಪನಿಯ ಮೇಲಿನ ಸ್ಥಾನದಲ್ಲಿದ್ದ, ಸರ್ಕಾರದ ಗೌರವ ಪದವಿಗಳನ್ನು ಪಡೆದಿದ್ದ. ಎಂಜಿನಿಯರ್‌ಗಳ ಬಗ್ಗೆ ಬರೆಯುವಾಗ ನಮಗೆ ಯಂತ್ರದ ಮೋಹ ಹತ್ತಿ ಇದನ್ನೆಲ್ಲ ಒಂದೇ ಸಾಲಿನಲ್ಲಿ ದಾಟಿಬಿಡುವ ಚಾಳಿ ಇದೆ. ಆತನ ಪ್ರತಿಭೆಯನ್ನು ನಾನು ಒಪ್ಪುತ್ತೇನೆ. ಆತನನ್ನು ಮುಗ್ಧ ತಂತ್ರಜ್ಞ ಎಂದು ಒಪ್ಪಲು ಮಾತ್ರ ಮನಸ್ಸಾಗುವುದಿಲ್ಲ.

ಯುದ್ಧದ ಕೊನೆಯಲ್ಲಿ ಆತನಿಗೆ ಸರಬರಾಜಿನ ಇನ್ನೊಂದು ಪಾಠ ಸಿಕ್ಕಿತು. ಅಲ್ಯೂಮಿನಿಯಂ ಅಭಾವಕ್ಕೆಂದು ಮರದ ಯುದ್ಧವಿಮಾನವೊಂದನ್ನು ವಿನ್ಯಾಸ ಮಾಡಿದ. ಪ್ಲೈವುಡ್ ಅಂಟಿಸುವ ಗೋಂದು ತಯಾರಾಗುತ್ತಿದ್ದದ್ದು ವುಪ್ಪರ್ಟಾಲ್‌ನ ಒಂದು ಕಾರ್ಖಾನೆಯಲ್ಲಿ. ಅದರ ಮೇಲೆ ಬ್ರಿಟಿಷರ ಬಾಂಬ್ ಬಿತ್ತು. ಬದಲಿ ಗೋಂದು ಮರವನ್ನೇ ತಿನ್ನತೊಡಗಿ, ವಿಮಾನಗಳು ಗಾಳಿಯಲ್ಲಿ ಬಿಚ್ಚಿಕೊಂಡವು. ನಕ್ಷೆಯಲ್ಲಿ ತಪ್ಪಿರಲಿಲ್ಲ. ಎಲ್ಲೋ ದೂರದ ಒಂದು ಸಾಮಗ್ರಿ ಕೈಕೊಟ್ಟಿತು, ಯೋಜನೆ ನಿಂತಿತು.

ಸೋತ ಜರ್ಮನಿಯಲ್ಲಿ ವಿಮಾನ ಕಟ್ಟುವಂತಿಲ್ಲ. ಐವತ್ತು ಹತ್ತಿರವಾದ ಟ್ಯಾಂಕ್ ಪೆಡ್ರೋ ಮಾತ್ತಿಯಸ್ ಎಂಬ ಸುಳ್ಳು ಹೆಸರಿನಲ್ಲಿ 1947ರಲ್ಲಿ ಅರ್ಜೆಂಟೀನಾ ಸೇರಿದ. ಹಿಂದೆಯೇ ಹಳೆಯ ಸಹೋದ್ಯೋಗಿಗಳು ಬಂದರು. ಕಾರ್ಡೊಬಾ ನಗರದಲ್ಲಿ, ಅಧ್ಯಕ್ಷ ಪೆರೋನ್ ಆಶ್ರಯದಲ್ಲಿ ಪುಲ್ಕಿ-2 ಎಂಬ ಜೆಟ್ ವಿಮಾನ ಹುಟ್ಟಿತು. ಹಿಂದಕ್ಕೆ ಬಾಗಿದ ರೆಕ್ಕೆ, ಬ್ರಿಟನ್ನಿನ ರೋಲ್ಸ್‌ರಾಯ್ಸ್ ಎಂಜಿನ್. 1950ರಲ್ಲಿ ಹಾರಿತು. 1951ರ ಫೆಬ್ರುವರಿಯಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಪೆರೋನ್ ಎದುರು ಟ್ಯಾಂಕ್ ತಾನೇ ಅದನ್ನು ಹಾರಿಸಿ ತೋರಿಸಿದ. ಆಗ ಆತನಿಗೆ 53 ವರ್ಷ ತುಂಬುತ್ತಿತ್ತು. ಆ ಬಳಿಕ ಅಪಘಾತಗಳಾದವು, ಇಬ್ಬರು ಪೈಲಟ್‌ಗಳು ಸತ್ತರು. ಇದೇ ಟ್ಯಾಂಕ್ ಪೆರೋನ್‌ಗೆ ಪರಿಚಯಿಸಿದ ವಿಜ್ಞಾನಿ ರಿಕ್ಟರ್, ಪರಮಾಣು ಸಮ್ಮಿಳನದಿಂದ ಶಕ್ತಿ ತೆಗೆದೆ ಎಂದು ಹೇಳಿ ದೇಶವನ್ನೇ ನಗೆಪಾಟಲು ಮಾಡಿದ ಕಥೆ ಬೇರೆ. 1955ರಲ್ಲಿ ಪೆರೋನ್ ಪದಚ್ಯುತನಾದ. ಜರ್ಮನ್ ತಂಡ ಚದುರಿತು.

ಭಾರತ ಕರೆದದ್ದು ಆಗ. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಶುರುಮಾಡಿದ್ದರು. ವಿ.ಎಂ. ಘಾಟಗೆ ಅವರ ತಂಡ ಎಚ್‌ಟಿ-2 ಎಂಬ ಪುಟ್ಟ ತರಬೇತಿ ವಿಮಾನವನ್ನು 1951ರಲ್ಲಿ ಹಾರಿಸಿತ್ತು. ಪ್ರೊಪೆಲರ್ ವಿಮಾನದಿಂದ ಶಬ್ದಕ್ಕಿಂತ ಎರಡು ಪಟ್ಟು ವೇಗದ ಜೆಟ್‌ಗೆ ಒಂದೇ ನೆಗೆತ ಎಂಬುದು ನೆಹರೂ ಸರ್ಕಾರದ ಹಂಬಲ. 1956ರಲ್ಲಿ ಟ್ಯಾಂಕ್ ಬೆಂಗಳೂರಿಗೆ ಬಂದ. ಜೊತೆಗೂಡಿದ ಜರ್ಮನ್ ಎಂಜಿನಿಯರ್‌ಗಳು ಸುಮಾರು 18 ಮಂದಿ. ಊರು ಬಿಟ್ಟು ಊರಿಗೆ ಹೋಗಿ ಅಲ್ಲಿನ ಪ್ರಾಜೆಕ್ಟ್ ಹಿಡಿಯುವ ನಮ್ಮ ಬದುಕಿನ ಹಾಗೆಯೇ ಅವರದೂ. ಕಾರ್ಡೊಬಾ ಮುಗಿಯಿತು, ಮುಂದಿನದು ಬೆಂಗಳೂರು.

ವಿಮಾನಕ್ಕೆ ಇಟ್ಟ ಹೆಸರು ಎಚ್‌ಎಫ್-24 ಮಾರುತ್. ಮುಂಬೈ ಕನ್ನಡಿಗರು ವರಳಿಯ ನೆಹರೂ ವಿಜ್ಞಾನ ಕೇಂದ್ರದ ಅಂಗಳದಲ್ಲಿ, ಊರಿಗೆ ಹೋದಾಗ ಕಬ್ಬನ್ ಪಾರ್ಕ್ ಬಳಿಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಬಹುದು. ನೋಡುವಾಗ ನಡುಭಾಗವನ್ನು ಗಮನಿಸಿ. ರೆಕ್ಕೆ ಸೇರುವ ಕಡೆ ಮೈ ಸೋಡಾ ಬಾಟಲಿಯ ಹಾಗೆ ಸೊಂಟ ಕಿರಿದಾಗಿಸಿಕೊಂಡಿದೆ. ಅದು ಅಂದಕ್ಕಲ್ಲ. ಶಬ್ದದ ವೇಗ ಹತ್ತಿರವಾದಾಗ ಗಾಳಿ ವಿಮಾನವನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ. ಮೂಗಿನಿಂದ ಬಾಲದವರೆಗೆ ಒಟ್ಟು ಅಡ್ಡಗಲ ಎಲ್ಲಿ ಹಠಾತ್ತನೆ ಹೆಚ್ಚುತ್ತದೋ ಅಲ್ಲಿ ತಡೆ ಏರುತ್ತದೆ. ರೆಕ್ಕೆ ಸೇರಿಕೊಂಡು ಅಡ್ಡಗಲ ಹೆಚ್ಚುವ ಕಡೆ ಮೈಯನ್ನು ಕಿರಿದು ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಅಮೆರಿಕದ ರಿಚರ್ಡ್ ವಿಟ್‌ಕೋಂಬ್ 1950ರ ದಶಕದ ಆರಂಭದಲ್ಲಿ ಕಂಡುಕೊಂಡ ಈ ಸೂತ್ರ ಆ ದಶಕ ಮುಗಿಯುವ ಮೊದಲೇ ಬೆಂಗಳೂರಿನ ನಕ್ಷೆಯಲ್ಲಿತ್ತು.

ಅಂಥ ವೇಗಕ್ಕೆ ಬೇಕಾದ ದೊಡ್ಡ ಗಾಳಿಸುರಂಗ ಆಗ ದೇಶದಲ್ಲಿರಲಿಲ್ಲ. ಎನ್‌ಎಎಲ್‌ನ ಸುರಂಗ ಸಿದ್ಧವಾದದ್ದು 1967ರಲ್ಲಿ. ಟ್ಯಾಂಕ್ ತನ್ನ ಕಾಲೇಜು ದಿನಗಳ ವಿದ್ಯೆಗೇ ಮರಳಿದ. ಮಾರುತ್‌ನಷ್ಟೇ ದೊಡ್ಡದಾದ, ಎಂಜಿನ್ ಇಲ್ಲದ ಮರದ ಗ್ಲೈಡರ್ ಕಟ್ಟಿಸಿದ. ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಡುತ್ತಿತ್ತು. 1959ರಿಂದ 78 ಬಾರಿ ಹಾರಿಸಿ, ನಿಧಾನ ವೇಗದಲ್ಲಿ ವಿಮಾನದ ನಡತೆ ಅರಿತರು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಎಂಜಿನ್ ಹೊತ್ತ ಮಾರುತ್‌ ಅನ್ನು ಮೊದಲ ಬಾರಿಗೆ ಹಾರಿಸಿದರು. ಕೆಲಸ ಹಿಡಿದು ಐದು ವರ್ಷ. ಯಾವ ದೇಶದ ಲೆಕ್ಕದಲ್ಲೂ ಇದು ಚುರುಕಿನ ಕೆಲಸ.

ಅಷ್ಟಾಗಿಯೂ ಮಾರುತ್ ಶಬ್ದದ ಎರಡು ಪಟ್ಟು ವೇಗ ಎಂದೂ ಮುಟ್ಟಲಿಲ್ಲ. ನೇರ ಹಾರಾಟದಲ್ಲಿ ಅದು ಶಬ್ದದ ವೇಗದ ಅಂಚಿನಲ್ಲೇ ಉಳಿಯಿತು. ಕಾರಣ ಹೇಳಲು ಒಂದು ಸಣ್ಣ ಲೆಕ್ಕ ಸಾಕು. ವಿನ್ಯಾಸ ಮಾಡಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್-12 ಎಂಜಿನ್ ನಂಬಿ. ಆಫ್ಟರ್‌ಬರ್ನರ್ ಹಚ್ಚಿದರೆ, ಅಂದರೆ ಹೊರಹೋಗುವ ಬಿಸಿ ಅನಿಲಕ್ಕೆ ಮತ್ತೆ ಇಂಧನ ಸುರಿದು ಉರಿಸಿದರೆ, ಒಂದು ಎಂಜಿನ್‌ನ ನೂಕುಬಲ ಸುಮಾರು 3,700 ಕಿಲೊ. ಎರಡು ಸೇರಿ 7,400. ಪೂರ್ತಿ ಭಾರ ಹೊತ್ತ ಮಾರುತ್ ತೂಕ ಸುಮಾರು 10,900 ಕಿಲೊ. ಆ ಎಂಜಿನ್ ಬೇಕೆಂದಿದ್ದ ಇತರರು ಹಿಂದೆ ಸರಿದರು, ಬ್ರಿಟನ್ ಅಭಿವೃದ್ಧಿ ನಿಲ್ಲಿಸಿತು. ಮುಂದುವರಿಸಬೇಕಾದರೆ ಖರ್ಚು ಭಾರತ ಕೊಡಬೇಕು ಎಂಬ ಮಾತು ಬಂತು. ದೆಹಲಿ ಕೊಡಲಿಲ್ಲ. ಕೈಯಲ್ಲಿ ಉಳಿದದ್ದು ಪುಟ್ಟ ನ್ಯಾಟ್ ವಿಮಾನದ ಆರ್ಫಿಯಸ್ ಎಂಜಿನ್. ಆಫ್ಟರ್‌ಬರ್ನರ್ ಇಲ್ಲ, ಒಂದಕ್ಕೆ 2,200 ಕಿಲೊ, ಎರಡಕ್ಕೆ 4,400. ತೂಕಕ್ಕೆ ನೂಕುಬಲದ ಅನುಪಾತ 0.68 ಆಗಬೇಕಿದ್ದದ್ದು 0.4ಕ್ಕೆ ಬಿತ್ತು. ಇಂದಿನ ಒಳ್ಳೆಯ ಯುದ್ಧವಿಮಾನಗಳಲ್ಲಿ, ಕಾಳಗದ ತೂಕದಲ್ಲಿ, ಇದು 1ರ ಆಸುಪಾಸು ಇರುತ್ತದೆ. ಲಾರಿಯ ಮೈಗೆ ಟೆಂಪೊ ಎಂಜಿನ್ ಕೂರಿಸಿದಂತೆ.

ನಮ್ಮವರು ಕೈಕಟ್ಟಿ ಕೂರಲಿಲ್ಲ. ಸೋವಿಯತ್ ಎಂಜಿನ್ ಪರಿಶೀಲಿಸಿದರು, ಹೊಂದಲಿಲ್ಲ. ಈಜಿಪ್ಟ್‌ನಲ್ಲಿ ಇನ್ನೊಂದು ಜರ್ಮನ್-ಆಸ್ಟ್ರಿಯನ್ ತಂಡ ಕಟ್ಟುತ್ತಿದ್ದ ಇ-300 ಎಂಜಿನ್ ಪರೀಕ್ಷೆಗೆ ಒಂದು ಮಾರುತ್ ಅನ್ನೇ ಅಲ್ಲಿಗೆ ಕಳಿಸಿದರು. ಆ ಎಂಜಿನ್ ಕಾರ್ಯಕ್ರಮವೂ 1969ರಲ್ಲಿ ನಿಂತಿತು. ಬೆಂಗಳೂರಿನಲ್ಲೇ ಆರ್ಫಿಯಸ್‌ಗೆ ಆಫ್ಟರ್‌ಬರ್ನರ್ ಜೋಡಿಸಿದ ಮಾದರಿ ತಯಾರಾಯಿತು. 1970ರ ಜನವರಿ 10ರಂದು ಅದನ್ನು ಹಾರಿಸುವಾಗ ವಿಮಾನ ಬಿದ್ದು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. ಮಾರುತ್ ಅನ್ನು ಮೊದಲು ಆಕಾಶಕ್ಕೆ ಒಯ್ದ ಕೈಗಳು ಅವರದೇ. ಎಚ್‌ಎಎಲ್ ಬಳಿಯ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ನಮ್ಮ ಎಷ್ಟೋ ಸ್ನೇಹಿತರಿಗೆ ಆ ಹೆಸರು ಬರೀ ಮ್ಯಾಪ್‌ನ ಒಂದು ಗೆರೆ.

ಟ್ಯಾಂಕ್ ಅಷ್ಟರಲ್ಲಿ ಇಲ್ಲಿರಲಿಲ್ಲ. 1967ರಲ್ಲಿ ಆತ ಜರ್ಮನಿಗೆ ಮರಳಿದ್ದ. ವಾಯುಪಡೆಯ 10ನೇ ಸ್ಕ್ವಾಡ್ರನ್ ಮಾರುತ್ ಹಾರಿಸಲು ಶುರುಮಾಡಿದ್ದೂ ಅದೇ ವರ್ಷ. ತರಬೇತಿಯ ಎರಡು ಸೀಟಿನವೂ ಸೇರಿ ಒಟ್ಟು 147 ಮಾರುತ್‌ಗಳು ಬೆಂಗಳೂರಿನಲ್ಲಿ ತಯಾರಾದವು. ತೋಪುಗಳು ಒಟ್ಟಿಗೆ ಸಿಡಿದರೆ ಮೈ ಅದುರುವಂಥ ತೊಂದರೆಗಳೂ ಅದಕ್ಕಿದ್ದವು.

ಆಮೇಲೆ 1971ರ ಡಿಸೆಂಬರ್ ಬಂತು. ರಾಜಸ್ಥಾನದ ಗಡಿಯಲ್ಲಿ ಮಾರುತ್‌ಗಳು 300ಕ್ಕೂ ಹೆಚ್ಚು ಬಾರಿ ಯುದ್ಧಕ್ಕೆ ಹಾರಿದವು. ನೆಲದಿಂದ ಹಾರಿದ ಗುಂಡಿಗೆ ಕೆಲವು ಬಿದ್ದವು. ಆಕಾಶದ ಕಾಳಗದಲ್ಲಿ ಒಂದೂ ಬೀಳಲಿಲ್ಲ. ಬದಲಿಗೆ ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಅವರ ಮಾರುತ್ ಪಾಕಿಸ್ತಾನದ ಒಂದು ಸೇಬರ್ ಜೆಟ್ ಅನ್ನು ಕೆಡವಿತು. ಮಾರುತ್‌ನ ಚುಕ್ಕಾಣಿಗೆ ಹೈಡ್ರಾಲಿಕ್ ಬಲ ನಿಂತುಹೋದರೆ ತಾನಾಗಿ ಪೈಲಟ್‌ನ ಕೈಬಲಕ್ಕೆ ಬದಲಾಗುವ ವ್ಯವಸ್ಥೆ ಇತ್ತು. ಹಾಗೆ ಬರೀ ಕೈಬಲದಲ್ಲಿ ಓಡಿಸಿಕೊಂಡು, ಕೆಲವೊಮ್ಮೆ ಎರಡರಲ್ಲಿ ಒಂದೇ ಎಂಜಿನ್ ಉಳಿದಿದ್ದಾಗಲೂ ಪೈಲಟ್‌ಗಳು ನೆಲೆಗೆ ಮರಳಿದ ಉದಾಹರಣೆಗಳಿವೆ. ಇಂದಿನ ವಿಮಾನಗಳಲ್ಲಿ ಇದನ್ನೇ ನಾಲ್ಕು ಪ್ರತ್ಯೇಕ ಗಣಕ ಮಾರ್ಗಗಳನ್ನಿಟ್ಟು ಸಾಧಿಸುತ್ತಾರೆ. ತೇಜಸ್‌ನಲ್ಲಿ ಇರುವುದೂ ಅಂಥದ್ದೇ. ಮೂವತ್ತರ ದಶಕದಲ್ಲಿ ಬ್ರೆಮೆನ್‌ನಲ್ಲಿ ಯೋಚಿಸಿದ ಆ ಅಶ್ವದಳದ ಕುದುರೆಯ ಲಕ್ಷಣ ಥಾರ್ ಮರುಭೂಮಿಯಲ್ಲಿ ಕಾಣಿಸಿತು. ವೇಗದ ಪಟ್ಟಿಯಲ್ಲಿ ಮಾತ್ರ ಮಾರುತ್ ಹೆಸರು ಕೆಳಗೇ ಇರುತ್ತದೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಾರುತ್‌ಗಳು ಹೆಚ್ಚುಕಡಿಮೆ ಎಲ್ಲವೂ ಮೂಲೆ ಸೇರಿದವು. ಅವುಗಳ ಬೆನ್ನಿಗೇ ಇನ್ನೊಂದು ಸ್ವದೇಶಿ ವಿನ್ಯಾಸ ಬರಲಿಲ್ಲ. ನಕ್ಷೆ ಬರೆದು, ಹಾರಿಸಿ, ತಿದ್ದಿ ಕಲಿತಿದ್ದ ಬೆಂಗಳೂರಿನ ಒಂದು ಇಡೀ ಪೀಳಿಗೆ ನಿವೃತ್ತಿಯಾಯಿತು. ನನ್ನ ಲೆಕ್ಕದಲ್ಲಿ ಎಂಜಿನ್ ಸಿಗದ್ದಕ್ಕಿಂತ ದೊಡ್ಡ ನಷ್ಟ ಇದು. ತೇಜಸ್ ಮೊದಲು ಹಾರಿದ್ದು 2001ರ ಜನವರಿ 4ರಂದು, ಮಾರುತ್ ಹಾರಿ ನಲವತ್ತು ವರ್ಷದ ಹತ್ತಿರ. ಅದಕ್ಕೆಂದೇ ಬೆಂಗಳೂರಿನ ಜಿಟಿಆರ್‌ಇ ಕಟ್ಟುತ್ತಿದ್ದ ಕಾವೇರಿ ಎಂಜಿನ್ ಅದರೊಳಗೆ ಕೂರಲಿಲ್ಲ. ಹಾರಿದ್ದು ಅಮೆರಿಕದ ಎಫ್-404 ಎಂಜಿನ್‌ನಲ್ಲಿ, ಈಗಲೂ ಅದರಲ್ಲೇ.

ಜರ್ಮನಿಗೆ ಮರಳಿದ ಟ್ಯಾಂಕ್ ಎಂಬಿಬಿ ಕಂಪನಿಗೆ ಸಲಹೆಗಾರನಾಗಿದ್ದ. 1983ರ ಜೂನ್ 5ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡ. ಆಗ 85 ವರ್ಷ. ಆ ನಗರದ ಹೊರವಲಯದ ಓಬರ್‌ಶ್ಲೈಸ್‌ಹೈಮ್‌ನಲ್ಲಿ ಡಾಯ್ಚಸ್ ಮ್ಯೂಸಿಯಂನ ವಿಮಾನ ಸಂಗ್ರಹವಿದೆ. ಬೆಂಗಳೂರಿನಲ್ಲಿ ತಯಾರಾದ ಒಂದು ಮಾರುತ್ ಈಗ ಅಲ್ಲಿ ನಿಂತಿದೆ.